ಬಿದ್ದ ಗೋಡೆಗೆ ಕಟ್ಟುವ ಬೆಲೆ

(ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಕಡೆಯ ವ್ಯಾಪಾರಿಗಳು ಹಾಗೂ ಜಮಾಅತ್ ಪ್ರಮುಖರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ವ್ಯಾಪಾರದಲ್ಲಿರುವವರು. ಕಿರಾಣಿ ಅಂಗಡಿ, ಇಟ್ಟಿಗೆ ಭಟ್ಟಿ, ತಗಡಿನ ಮಾರಾಟ, ಟ್ರ್ಯಾಕ್ಟರ್ ಬಾಡಿಗೆ, ದನದ ಸಂತೆ, ಮೆಕ್ಕೆಜೋಳದ ಖರೀದಿ ಹೀಗೆ ಒಬ್ಬೊಬ್ಬರದು ಒಂದೊಂದು ಕಸುಬು. ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಎಂಬುದನ್ನು ನಿಮಗೆ ಹೇಳಿಕೊಡುವ ಯೋಗ್ಯತೆ ನಮಗಿಲ್ಲ. ನಾವು ಮಾತನಾಡಬೇಕೆಂದಿರುವುದು ಒಂದೇ ಒಂದು ಬಗೆಯ ಬೆಲೆಯ ಕುರಿತು. ನೆರೆ ಬಂದು, ಗೋಡೆ ಬಿದ್ದು, ಮಕ್ಕಳನ್ನೂ ಪಾತ್ರೆಗಳನ್ನೂ ಹೊತ್ತು ಹೊರಬಂದವನ ಮುಂದೆ ಊರು ಇಡುವ ಬೆಲೆ ಅದು.

ನಿಮ್ಮ ಸೀಮೆಯ ನೀರಿನ ಸ್ವಭಾವ ನಿಮಗೆ ಗೊತ್ತು. ಸಾಗರದ ಬಳಿ ಹುಟ್ಟುವ ವರದೆ ಬನವಾಸಿಯನ್ನು ದಾಟಿ ಹಾನಗಲ್ಲಿನ ಗದ್ದೆಗಳ ಅಂಚಿನಲ್ಲಿ ಸಾಗಿ, ಸವಣೂರಿನ ಸೀಮೆಯನ್ನೂ ಮುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಧರ್ಮಾ ನದಿ ದಾರಿಯಲ್ಲೇ ಅವಳ ಜೊತೆಗೂಡುತ್ತದೆ. ಹಿರೇಕೆರೂರು, ರಟ್ಟೀಹಳ್ಳಿ ಕಡೆಗೆ ಕುಮುದ್ವತಿ ಇದೆ. ಶಿಗ್ಗಾಂವಿ ಸೀಮೆಯಲ್ಲಿ ಹುಟ್ಟುವ ಬೆಣ್ಣೆಹಳ್ಳ ಮಾತ್ರ ಉತ್ತರಕ್ಕೆ ತಿರುಗಿ ಮಲಪ್ರಭೆಯನ್ನು ಸೇರುತ್ತದೆ. ಇವು ಉಕ್ಕಿದಾಗ ಕಾಣುವ ಹಾನಿ ಒಂದು. ಆದರೆ ಈ ನಾಲ್ಕೂ ತಾಲೂಕುಗಳಲ್ಲಿ ಮನೆ ಕೆಡಹುವುದು ನದಿಯೊಂದೇ ಅಲ್ಲ, ಬಿಡದೆ ಸುರಿಯುವ ಜಿಟಿಜಿಟಿ ಮಳೆಯೂ ಹೌದು. ಮಣ್ಣಿನ ಗೋಡೆ ಎಂಟು ದಿನ ನೀರು ಕುಡಿಯುತ್ತದೆ. ಒಂಬತ್ತನೆಯ ದಿನ ಬಿಸಿಲು ಬಂದಾಗ ಮನೆಯವರು ನಿಟ್ಟುಸಿರು ಬಿಡುತ್ತಾರೆ, ಅಂದೇ ರಾತ್ರಿ ಗೋಡೆ ಕುಸಿಯುತ್ತದೆ. 2024ರ ಜುಲೈಯಲ್ಲಿ ಸವಣೂರು ತಾಲೂಕಿನ ಮಾದಾಪುರದಲ್ಲಿ ಹೀಗೆಯೇ ಮನೆ ಕುಸಿದು ಓರ್ವ ತಾಯಿ ಮತ್ತು ಅವಳಿ ಮಕ್ಕಳು ಮಣ್ಣಿನಡಿ ಪ್ರಾಣ ಬಿಟ್ಟರು. ಅಲ್ಲಿ ಪ್ರವಾಹವೇನೂ ಬಂದಿರಲಿಲ್ಲ.

2019ರ ಆಗಸ್ಟ್ ತಿಂಗಳನ್ನು ಯಾರೂ ಮರೆತಿರಲಾರರು. ರಾಜ್ಯದ 22 ಜಿಲ್ಲೆಗಳ 103 ತಾಲೂಕುಗಳು ಆ ಬಾರಿ ನೆರೆಪೀಡಿತವೆಂದು ಘೋಷಿಸಲ್ಪಟ್ಟವು, ಹಾವೇರಿ ಜಿಲ್ಲೆ ಅವುಗಳಲ್ಲೊಂದು. ಶಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ ಪರಿಹಾರ ಕೇಂದ್ರಗಳು ತೆರೆದವು. ತಕ್ಷಣದ ನೆರವೆಂದು ಕುಟುಂಬವೊಂದಕ್ಕೆ 10,000 ರೂಪಾಯಿ ಸಿಕ್ಕಿತು. ಕೇಂದ್ರದ ಮಾನದಂಡದಂತೆ ಬಟ್ಟೆಬರೆಗೆ 1,800, ಪಾತ್ರೆಪಗಡಿಗೆ 2,000, ಒಟ್ಟು 3,800 ಮಾತ್ರ ಬರಬೇಕಿತ್ತು. ಉಳಿದುದನ್ನು ರಾಜ್ಯ ಸರಕಾರ ಸೇರಿಸಿತು. ಪೂರ್ಣ ಬಿದ್ದ ಮನೆಗೆ ಕೇಂದ್ರದ ಲೆಕ್ಕದಲ್ಲಿ 95,100 ರೂಪಾಯಿ ಇದ್ದುದನ್ನು ರಾಜ್ಯ 5 ಲಕ್ಷಕ್ಕೆ ಏರಿಸಿತು. ಮನೆ ಕಟ್ಟುವ ತನಕ ಬಾಡಿಗೆಗೆಂದು ತಿಂಗಳಿಗೆ 5,000 ರೂಪಾಯಿಯಂತೆ ಹತ್ತು ತಿಂಗಳು ಕೊಡುವುದಾಗಿಯೂ ಘೋಷಿಸಿತು. ಸರಕಾರವನ್ನು ಟೀಕಿಸುವುದು ನಮ್ಮ ಅಭ್ಯಾಸವಾಗಿದೆ. ಆದರೆ ಆ ಘೋಷಣೆ ಉದಾರವಾದುದೇ ಆಗಿತ್ತು ಎಂದು ಹೇಳಲು ಸಂಕೋಚವೇಕೆ?

ಈಗ ಈ ಹಣ ನಡೆದುಬಂದ ದಾರಿಯನ್ನು ನೋಡೋಣ.

ಮೊದಲನೆಯ ನಿಲ್ದಾಣ ಸಮೀಕ್ಷೆ. ಗೋಡೆ ಶೇ. 75ಕ್ಕಿಂತ ಹೆಚ್ಚು ಬಿದ್ದಿದ್ದರೆ 'ಎ', ಶೇ. 25ರಿಂದ 75ರ ನಡುವೆ 'ಬಿ', ಅದಕ್ಕೂ ಕಡಿಮೆಯಾದರೆ 'ಸಿ'. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಲಕ್ಷಗಟ್ಟಲೆ ಅಂತರ. ಅಂಥ ಅಂತರವಿರುವಲ್ಲಿ ದಲ್ಲಾಳಿ ಹುಟ್ಟದಿರುವನೇ? ಬಿದ್ದ ಮನೆ 'ಸಿ' ಆಯಿತು, ನಿಂತ ಮನೆ 'ಎ' ಆಯಿತು ಎಂಬ ದೂರುಗಳು ಜಿಲ್ಲೆ ಜಿಲ್ಲೆಗಳಿಂದ ಪತ್ರಿಕೆಗಳಿಗೆ ಬಂದವು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 52ನೇ ಕಲಮಿನಂತೆ ಸುಳ್ಳು ಹೇಳಿ ಪರಿಹಾರ ಪಡೆಯುವುದಕ್ಕೂ, 53ನೇ ಕಲಮಿನಂತೆ ಪರಿಹಾರದ ಹಣವನ್ನು ನುಂಗುವುದಕ್ಕೂ ಎರಡು ವರ್ಷಗಳ ತನಕ ಜೈಲಿದೆ. ದಲ್ಲಾಳಿಗೆ ಪಾಲು ಕೊಟ್ಟು ಅಕ್ಷರ ಬದಲಿಸಿಕೊಂಡವನು ತಾನು ಜಾಣನೆಂದು ಭಾವಿಸಿರಬಹುದು. ಅವನು ತಿಂದದ್ದು ಪಕ್ಕದ ಓಣಿಯ ವಿಧವೆಯ ಗೋಡೆಯನ್ನು.

ಎರಡನೆಯ ನಿಲ್ದಾಣ ಕಂತು. ಐದು ಲಕ್ಷ ಒಮ್ಮೆಲೇ ಕೈಗೆ ಬರುವುದಿಲ್ಲ. ಬುನಾದಿ ಹಾಕಿದ ಮೇಲೆ ಒಂದಷ್ಟು, ಗೋಡೆ ಏರಿದ ಮೇಲೆ ಒಂದಷ್ಟು, ಮಾಡು ಬಿದ್ದ ಮೇಲೆ ಒಂದಷ್ಟು. ಪ್ರತಿ ಹಂತದಲ್ಲೂ ಫೋಟೋ ಆಗಬೇಕು, ಅದು ವಸತಿ ನಿಗಮದ ಗಣಕದಲ್ಲಿ ಏರಬೇಕು. ಹಣ ದುರುಪಯೋಗ ಆಗಬಾರದೆಂಬ ಉದ್ದೇಶ ಸರಿಯಾದುದೇ. ಆದರೆ ಕಟ್ಟಿದ ಮೇಲೆ ಹಣ ಎಂದರೆ ಕಟ್ಟುವುದಕ್ಕೆ ಹಣ ಎಲ್ಲಿಂದ? ಉದ್ರಿಯಿಂದ ಅಥವಾ ಬಡ್ಡಿಯಿಂದ. ಉದ್ರಿ ಕೊಡುವ ಇಟ್ಟಿಗೆಯವನಿಗೆ, ಕಬ್ಬಿಣದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಈ ಗಿರಾಕಿಗೆ ಸರಕಾರ ಎಷ್ಟು ಕೊಡುತ್ತದೆ ಎಂಬುದು ಅದು. ಬೇರೆ ಗಿರಾಕಿಯ ಜೇಬಿನಲ್ಲಿ ಎಷ್ಟಿದೆಯೆಂದು ವ್ಯಾಪಾರಿಗೆ ತಿಳಿಯದು, ಆದ್ದರಿಂದ ಅವನು ಬೆಲೆ ಹೇಳುವಾಗ ಅಳುಕುತ್ತಾನೆ. ನೆರೆ ಸಂತ್ರಸ್ತನ ಜೇಬು ಮಾತ್ರ ದಿನಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಒಂದೇ ಊರಿನಲ್ಲಿ ನೂರು ಮನೆಗಳ ಕೆಲಸ ಒಟ್ಟಿಗೆ ಎದ್ದಾಗ, ಗೌಂಡಿ ಸಿಗದಿರುವಾಗ, ಮರಳಿಗೆ ಸರತಿ ಇರುವಾಗ, ಆ ಐದು ಲಕ್ಷದ ಸುತ್ತ ಬೆಲೆಗಳು ಏರುತ್ತಾ ಏರುತ್ತಾ ಕೊನೆಗೆ ಐದು ಲಕ್ಷದಲ್ಲಿ ಅರ್ಧ ಮನೆ ಮಾತ್ರ ಏಳುವಂತೆ ಮಾಡುತ್ತವೆ. ಲಿಂಟಲ್ ಮಟ್ಟಕ್ಕೆ ನಿಂತ, ಒಳಗೆ ಗಿಡ ಬೆಳೆದ ಗೋಡೆಗಳನ್ನು ನೆರೆ ಬಂದುಹೋದ ಸೀಮೆಗಳಲ್ಲಿ ಯಾರೂ ಕಾಣಬಹುದು. ಅಲ್ಲಿ ನಿಂತುಹೋದುದು ಸರಕಾರದ ಕಂತೋ ಮನೆಯವನ ಶಕ್ತಿಯೋ ಎಂದು ಕೇಳುವ ಮೊದಲು, ನಮ್ಮ ಬಿಲ್ ಪುಸ್ತಕವನ್ನೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಮೂರನೆಯದು ಬಾಡಿಗೆ. ಇದು ಎಲ್ಲಕ್ಕಿಂತ ನಿಚ್ಚಳವಾದ ಉದಾಹರಣೆ. ಇಟ್ಟಿಗೆಗೆ ಕಟ್ಟಿಗೆಯ ಖರ್ಚು ಏರಿರಬಹುದು, ಟ್ರ್ಯಾಕ್ಟರಿಗೆ ಹಾದಿ ಕೆಟ್ಟು ಡೀಸೆಲ್ ಹೆಚ್ಚು ಸುಟ್ಟಿರಬಹುದು. ಊರಿನಲ್ಲಿ ಮೊದಲೇ ನಿಂತಿರುವ ಎರಡು ಕೋಣೆಯ ಮನೆಗೆ ನೆರೆಯಿಂದ ಒಂದು ಪೈಸೆಯ ಖರ್ಚೂ ಹೆಚ್ಚಾಗಿಲ್ಲ. ಜುಲೈಯಲ್ಲಿ ಎರಡು ಸಾವಿರಕ್ಕೆ ಕೊಡಲು ಒಪ್ಪಿದ್ದ ಮನೆ ಎಂದುಕೊಳ್ಳೋಣ. ಸರಕಾರ ಐದು ಸಾವಿರ ಎಂದು ಘೋಷಿಸಿದ ಮರುದಿನ ಅದಕ್ಕೆ ಐದು ಸಾವಿರ ಕೇಳಿದರೆ, ಆ ಮೂರು ಸಾವಿರಕ್ಕೆ ಮಾಲಕ ಯಾವ ಸರಕು ಕೊಟ್ಟಂತಾಯಿತು? ಸಂತ್ರಸ್ತನ ಹೆಸರಿನಲ್ಲಿ ಬಂದ ನೆರವು ಅವನ ಕೈಯ ಮೇಲೆ ಒಂದು ಕ್ಷಣ ನಿಂತು ಮಾಲಕನ ಮನೆಗೆ ಹೋಯಿತು, ಅಷ್ಟೆ. ವಯನಾಡಿನ ಚೂರಲ್ಮಲ, ಮುಂಡಕ್ಕೈಗಳಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದ ಬಳಿಕ ಕೇರಳ ಸರಕಾರ ತಿಂಗಳಿಗೆ 6,000 ರೂಪಾಯಿ ಬಾಡಿಗೆ ನೆರವು ಕೊಟ್ಟಿತು. ಅಲ್ಲಿಯೂ ಬಾಡಿಗೆ ಮನೆಗಳ ಅಭಾವದ ಪ್ರಶ್ನೆ ಎದ್ದಿತು. ದೂರದ ಅಮೆರಿಕದಲ್ಲಿ, 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಕಾಡ್ಗಿಚ್ಚು ಸಾವಿರಾರು ಮನೆಗಳನ್ನು ಸುಟ್ಟಾಗ, ಬಾಡಿಗೆ ಏರಿಸಿದವರ ಮೇಲೆ ಅಲ್ಲಿನ ರಾಜ್ಯದ ಅಟಾರ್ನಿ ಜನರಲ್ ಮೊಕದ್ದಮೆ ಹೂಡಿದರು. ತುರ್ತು ಪರಿಸ್ಥಿತಿ ಘೋಷಣೆಯಾದ ಬಳಿಕ ಅಗತ್ಯ ವಸ್ತುಗಳ ಮತ್ತು ಬಾಡಿಗೆಯ ದರವನ್ನು ಶೇ. 10ಕ್ಕಿಂತ ಹೆಚ್ಚು ಏರಿಸಿದರೆ ಕ್ಯಾಲಿಫೋರ್ನಿಯಾದ ದಂಡ ಸಂಹಿತೆಯ 396ನೇ ಕಲಮಿನಂತೆ ಒಂದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ ಬೀಳಬಹುದು. ಬಂಡವಾಳಶಾಹಿಯ ತವರೆಂದು ನಾವು ಭಾಷಣಗಳಲ್ಲಿ ಬೈಯುವ ದೇಶವದು.

ನಮ್ಮ ದೇಶದಲ್ಲಿ ಹಾಗೆ ನೇರವಾದ ಕಾನೂನಿಲ್ಲ. ಅವಶ್ಯಕ ವಸ್ತುಗಳ 1955ರ ಕಾಯ್ದೆ ಇದೆ. ಕೋವಿಡ್ ಬಂದಾಗ 2020ರ ಮಾರ್ಚ್‌ನಲ್ಲಿ ಅದರಡಿಯಲ್ಲೇ ಮಾಸ್ಕ್ ಮತ್ತು ಸ್ಯಾನಿಟೈಸರ್‌ಗಳನ್ನು ತಂದು, 200 ಮಿಲಿಲೀಟರ್ ಬಾಟಲಿಗೆ 100 ರೂಪಾಯಿ ಮಿತಿ ಹಾಕಲಾಯಿತು. ಮನಸ್ಸು ಮಾಡಿದರೆ ಸರಕಾರಕ್ಕೆ ಸಾಧ್ಯ ಎಂಬುದಕ್ಕೆ ಅದು ಸಾಕ್ಷಿ. ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಕೇಳಿದರೆ 1915ಕ್ಕೆ ಫೋನ್ ಮಾಡಿ ದೂರಬಹುದು. ಆದರೆ ಇಟ್ಟಿಗೆಯ ಮೇಲೆ, ಮರಳಿನ ಮೇಲೆ, ಟ್ರ್ಯಾಕ್ಟರಿನ ಟ್ರಿಪ್ಪಿನ ಮೇಲೆ, ಎರಡು ಕೋಣೆಯ ಮನೆಯ ಮೇಲೆ ಬೆಲೆ ಮುದ್ರಿಸಿರುವುದಿಲ್ಲವಲ್ಲ! ಕಾನೂನು ಎಲ್ಲಿ ಮೌನವಾಗಿದೆಯೋ ಅಲ್ಲಿಯೇ ಮನುಷ್ಯನ ಪರೀಕ್ಷೆ ಆರಂಭವಾಗುತ್ತದೆ.

ಇಲ್ಲಿ ವ್ಯಾಪಾರಿಯ ಪ್ರತಿವಾದವನ್ನೂ ಕೇಳೋಣ, ಅದನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಬೆಲೆ ಏರಿದರೆ ತಾನೆ ಹೊರಗಿನಿಂದ ಸರಕು ಬರುವುದು, ಬೆಲೆಯನ್ನು ಕಟ್ಟಿಹಾಕಿದರೆ ಸರಕೇ ಬರದು, ಆಗ ಸಂತ್ರಸ್ತನಿಗೇ ನಷ್ಟ ಎಂದು ಅವನು ಹೇಳುತ್ತಾನೆ. ಈ ಮಾತಿನಲ್ಲಿ ಸತ್ಯಾಂಶವಿದೆ, ಧರ್ಮವೂ ಅದನ್ನು ತಳ್ಳಿಹಾಕಿಲ್ಲ. ಮದೀನಾದಲ್ಲಿ ಬೆಲೆ ಏರಿದಾಗ ಅನುಯಾಯಿಗಳು ದರ ನಿಗದಿ ಮಾಡಿರೆಂದು ಕೇಳಿಕೊಂಡರೂ ಪ್ರವಾದಿವರ್ಯರು(ಸ) ಒಪ್ಪಲಿಲ್ಲವೆಂಬ ವರದಿ ನಮ್ಮ ಹದೀಸ್ ಗ್ರಂಥಗಳಲ್ಲಿದೆ. ಯಾರ ಸೊತ್ತಿನ ವಿಷಯದಲ್ಲೂ ಅನ್ಯಾಯದ ಆರೋಪ ಹೊತ್ತು ಪ್ರಭುವಿನ ಮುಂದೆ ನಿಲ್ಲಲಾರೆನೆಂಬುದು ಅವರು ಕೊಟ್ಟ ಕಾರಣದ ಸಾರ. ವ್ಯಾಪಾರಿ ಮಿತ್ರರು ಈ ಹದೀಸನ್ನು ಬಹಳ ಪ್ರೀತಿಯಿಂದ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಅದೇ ಗ್ರಂಥಗಳ ಅದೇ ಅಧ್ಯಾಯಗಳ ಆಸುಪಾಸಿನಲ್ಲಿ ಸರಕನ್ನು ತಡೆಹಿಡಿಯುವವನು, ಅಂದರೆ 'ಇಹ್ತಿಕಾರ್' ಮಾಡುವವನು ಪಾಪಿ ಎಂಬ ಎಚ್ಚರಿಕೆಯೂ ಇದೆ. ಪೇಟೆಯ ದರ ತಿಳಿಯದ ಹಳ್ಳಿಯವನನ್ನು ಊರ ಹೊರಗೇ ಎದುರುಗೊಂಡು ಅವನ ಸರಕು ಕೊಳ್ಳಬಾರದೆಂಬ ನಿಷೇಧವೂ ಇದೆ. ಇವೆರಡನ್ನೂ ಒಟ್ಟಿಗೆ ಓದಿದ ವಿದ್ವಾಂಸರು ಎಲ್ಲಿಗೆ ತಲುಪಿದರು? ಸಹಜವಾಗಿ ಏರಿದ ಬೆಲೆಗೆ ಕೈಹಾಕಬಾರದು, ಆದರೆ ಜನರ ಅಗತ್ಯವನ್ನೇ ಬಂಡವಾಳ ಮಾಡಿಕೊಂಡು ಸರಕು ಬಿಗಿಹಿಡಿದವನನ್ನು ನ್ಯಾಯವಾದ ಬೆಲೆಗೆ ಮಾರುವಂತೆ ಒತ್ತಾಯಿಸಬಹುದು ಎಂದು ಇಬ್ನು ತೈಮಿಯಾ ಅವರು ಮಾರುಕಟ್ಟೆಯ ಮೇಲ್ವಿಚಾರಣೆ ಕುರಿತ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಇಮಾಮ್ ಅಬೂ ಹನೀಫಾರ ಅಭಿಪ್ರಾಯದಲ್ಲಿ ಇಹ್ತಿಕಾರ್ ಎಂಬುದು ಆಹಾರ ಮತ್ತು ಮೇವಿಗೆ ಸೀಮಿತ. ಅವರ ಶಿಷ್ಯ ಅಬೂ ಯೂಸುಫ್ ಅವರೋ ಯಾವುದನ್ನು ತಡೆಹಿಡಿದರೆ ಜನರಿಗೆ ಹಾನಿಯೋ ಅದೆಲ್ಲವೂ ಇಹ್ತಿಕಾರ್ ಎಂದರು. ಮಳೆಗಾಲದಲ್ಲಿ ಗೋದಾಮಿನೊಳಗೆ ಮಡಚಿಟ್ಟ ತಾಡಪತ್ರಿ ಆಹಾರವೂ ಅಲ್ಲ, ಮೇವೂ ಅಲ್ಲ. ಅಬೂ ಯೂಸುಫರ ಮಾತು ನಮ್ಮ ಕಾಲಕ್ಕೆ ಎಷ್ಟು ಹತ್ತಿರದ್ದು ನೋಡಿ.

ಹಾಗಾದರೆ ಅಳತೆಗೋಲು ಯಾವುದು? ನಿನ್ನ ಖರ್ಚು ಏರಿದೆಯೋ ಅವನ ಕಷ್ಟ ಏರಿದೆಯೋ ಎಂಬುದೇ. ಮೊಣಕಾಲು ನೀರಿನಲ್ಲಿ ಟ್ರ್ಯಾಕ್ಟರ್ ಓಡಿಸಿ, ಬೇರಿಂಗ್ ಕೆಟ್ಟು, ಇಡೀ ದಿನ ಕಳೆದವನು ಹೆಚ್ಚು ಕೇಳಿದರೆ ಅದು ಅವನ ಹಕ್ಕು. ಅದೇ ಟ್ರ್ಯಾಕ್ಟರ್ ಮಾಲಕ ನೀರಿಳಿದ ರಸ್ತೆಯಲ್ಲಿ, ಆಸ್ಪತ್ರೆಗೆ ಹೋಗಬೇಕಾದ ಗರ್ಭಿಣಿಯ ಗಂಡನ ಮುಖ ನೋಡಿ ಬೆಲೆ ಹೇಳಿದರೆ ಅದು ಬೇರೆ.

ಹಿಂದೆಯೂ ಈ ವಾದ ನಡೆದಿತ್ತು. 1876-78ರ ಧಾತು ಈಶ್ವರದ ಬರ ಈ ಸೀಮೆಯನ್ನೂ ಹಿಂಡಿತು. ಆಗ ಹಿರೇಕೆರೂರು ಕೋಡ ತಾಲೂಕಿನ ಕಚೇರಿ, ಶಿಗ್ಗಾಂವಿ ಬಂಕಾಪುರ ತಾಲೂಕಿನ ಕಚೇರಿ, ಸವಣೂರು ನವಾಬರ ಸಂಸ್ಥಾನ. ವೈಸರಾಯ್ ಲಿಟ್ಟನ್‌ರ ಸರಕಾರ ಧಾನ್ಯದ ವ್ಯಾಪಾರದಲ್ಲಿ ಕೈಹಾಕಕೂಡದು, ಬೆಲೆಯೇ ಎಲ್ಲವನ್ನೂ ಸರಿಪಡಿಸುವುದು ಎಂಬ ಹಟ ಹಿಡಿದಿತ್ತು. ಜನ ಸಾಯುತ್ತಿರುವಾಗಲೂ ಭಾರತದ ಬಂದರುಗಳಿಂದ ಧಾನ್ಯ ಹಡಗು ಹತ್ತಿತು. ಬೆಲೆ ಸರಕನ್ನು ಕರೆತರುವುದು ನಿಜ, ಆದರೆ ಕೊಳ್ಳುವ ಶಕ್ತಿ ಇರುವಲ್ಲಿಗೆ ಮಾತ್ರ ಕರೆತರುತ್ತದೆ.

ಇಷ್ಟು ಹೊತ್ತು ನಾವು ಮಾತನಾಡಿದ್ದು ದುಬಾರಿಗೆ ಮಾರುವ ಕುರಿತು. ಅಗ್ಗಕ್ಕೆ ಕೊಳ್ಳುವುದು ಅದರ ಇನ್ನೊಂದು ಮುಖ, ಅದರ ಬಗ್ಗೆ ಮಾತು ಕಡಿಮೆ. ಕೊಟ್ಟಿಗೆ ಬಿದ್ದಿದೆ, ಮೇವು ಕೊಳೆತಿದೆ, ಪರಿಹಾರ ಕೇಂದ್ರದಲ್ಲಿ ದನ ಕಟ್ಟಲು ಜಾಗವಿಲ್ಲ. ಆ ವಾರದ ಸಂತೆಗೆ ಜೋಡಿ ಎತ್ತು ಬರುತ್ತದೆ. ರೈತನಿಗೆ ಅದನ್ನು ವಾಪಸು ಕರೆದೊಯ್ಯಲು ಹಟ್ಟಿಯೇ ಇಲ್ಲವೆಂದು ಕೊಳ್ಳುವವನಿಗೆ ಗೊತ್ತು. ಮೆಕ್ಕೆಜೋಳ ಒದ್ದೆಯಾಗಿದೆ, ಮೂರು ದಿನ ಕಳೆದರೆ ಮೊಳಕೆ ಬರುತ್ತದೆ ಎಂಬುದೂ ಖರೀದಿದಾರನಿಗೆ ಗೊತ್ತು. ಫಿಕ್‌ಹ್ ಶಾಸ್ತ್ರದಲ್ಲಿ ಇದಕ್ಕೆ 'ಬೈಉಲ್ ಮುಝ್ತರ್' ಎಂಬ ಹೆಸರಿದೆ, ಅಂದರೆ ಇಕ್ಕಟ್ಟಿಗೆ ಸಿಕ್ಕವನ ಮಾರಾಟ. ಅದನ್ನು ನಿಷೇಧಿಸುವ ಹದೀಸಿನ ವರದಿಗಾರರ ಸರಣಿ ದುರ್ಬಲವೆಂದು ವಿದ್ವಾಂಸರು ಗುರುತಿಸಿದ್ದಾರೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಖತ್ತಾಬಿಯವರು ಅದಕ್ಕೆ ಕೊಟ್ಟ ವಿವರಣೆ ಗಮನಾರ್ಹ. ಬಲಾತ್ಕಾರದಿಂದ ಮಾಡಿಸಿದ ಮಾರಾಟ ಅಸಿಂಧು. ಸಾಲ ಸಂಕಟಗಳಿಂದ ಅಗ್ಗಕ್ಕೆ ಮಾರುವವನ ವ್ಯವಹಾರ ಸಿಂಧುವಾದರೂ, ಅವನ ಸೊತ್ತನ್ನು ಹಾಗೆ ಕಸಿಯದೆ ಅವನಿಗೆ ಸಾಲ ಕೊಟ್ಟು, ಸಮಯ ಕೊಟ್ಟು ನೆರವಾಗುವುದೇ ಮನುಷ್ಯತ್ವಕ್ಕೂ ಧರ್ಮಕ್ಕೂ ತಕ್ಕುದು ಎಂಬುದು ಅವರ ಅಭಿಪ್ರಾಯ. ಕಾಗದದ ಮೇಲೆ ಸಿಂಧುವಾದದ್ದೆಲ್ಲ ಸರಿಯಾದದ್ದಲ್ಲ ಎಂದು ಸಾವಿರ ವರ್ಷಗಳ ಹಿಂದೆಯೇ ಒಬ್ಬ ವಿದ್ವಾಂಸ ಗುರುತಿಸಿದ್ದರು.

ನಮ್ಮ ಸೊತ್ತು, ನಮ್ಮ ಇಷ್ಟ ಎನ್ನುವವರಿಗೆ ಒಂದು ಮಾತು. ಇದು ಹೊಸ ವಾದವೇನಲ್ಲ. ಪ್ರವಾದಿ ಶುಐಬ್(ಅ) ಅಳತೆ ತೂಕಗಳ ಕುರಿತು ಎಚ್ಚರಿಸಿದಾಗ ಅವರ ಜನಾಂಗ ಕೇಳಿದ್ದು ಇದೇ ಅರ್ಥದ ಪ್ರಶ್ನೆಯನ್ನು. ನಿನ್ನ ನಮಾಝ್ ನಮ್ಮ ಗಲ್ಲಾಪೆಟ್ಟಿಗೆಗೂ ಬರುತ್ತದೆಯೇ ಎಂದು ಅವರಿಗೆ ಆಶ್ಚರ್ಯವಾಗಿತ್ತು. ಬರಗಾಲದಲ್ಲಿ ಮದೀನಾಕ್ಕೆ ಬಂದ ಉಸ್ಮಾನ್(ರ) ಅವರ ಧಾನ್ಯದ ಸಾರ್ಥದ ಕಥೆಯನ್ನು ನಾವು ಶುಕ್ರವಾರದ ಪ್ರವಚನಗಳಲ್ಲಿ ಕಣ್ಣೀರಿಟ್ಟು ಕೇಳುತ್ತೇವೆ. ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಆ ಒಂಟೆಗಳು ಎಲ್ಲಿಗೆ ಹೋಗುತ್ತವೋ ತಿಳಿಯದು.

ಇನ್ನು ಬಡ್ಡಿಯ ವಿಷಯ. 2025ರ ಜನವರಿಯಲ್ಲಿ ಇದೇ ಹಾವೇರಿ ಜಿಲ್ಲೆಯ ಮಹಿಳೆಯರು ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಾಟ ತಾಳಲಾರದೆ ತಮ್ಮ ಮಾಂಗಲ್ಯಗಳನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳುಹಿಸಿ ಪ್ರತಿಭಟಿಸಿದ ಸುದ್ದಿ ರಾಜ್ಯವನ್ನೇ ಕಲಕಿತು. ಮರುತಿಂಗಳೇ ಬಲವಂತದ ವಸೂಲಿಗೆ ಹತ್ತು ವರ್ಷಗಳ ತನಕ ಶಿಕ್ಷೆ ವಿಧಿಸುವ ಸುಗ್ರೀವಾಜ್ಞೆ ಬಂತು. ಆ ಸಾಲಗಳೆಲ್ಲ ಬಿದ್ದ ಗೋಡೆಯ ಸಾಲಗಳೆಂದು ನಾವು ಹೇಳುತ್ತಿಲ್ಲ. ಆದರೆ ಕಂತಿನ ಪರಿಹಾರ ಮತ್ತು ವಾರದ ಕಂತಿನ ಸಾಲ ಇವೆರಡೂ ಒಂದೇ ಮನೆಯಲ್ಲಿ ಎದುರುಬದುರಾದಾಗ ಗೆಲ್ಲುವುದು ಯಾವುದೆಂದು ಬೇರೆ ಹೇಳಬೇಕೇ? ವಯನಾಡಿನಲ್ಲಿ ಸಂತ್ರಸ್ತರ ಖಾತೆಗೆ ಬಂದ 10,000 ರೂಪಾಯಿಯಿಂದಲೇ ಬ್ಯಾಂಕೊಂದು ಸಾಲದ ಕಂತು ಮುರಿದುಕೊಂಡು, ಪ್ರತಿಭಟನೆಯ ಬಳಿಕ ಹಿಂದಿರುಗಿಸಿತು. ತೀವ್ರ ವಿಪತ್ತಿನಲ್ಲಿ ಸಾಲದ ಮರುಪಾವತಿಗೆ ವಿನಾಯಿತಿ ಶಿಫಾರಸು ಮಾಡಲು ಅವಕಾಶ ಕೊಟ್ಟಿದ್ದ ವಿಪತ್ತು ನಿರ್ವಹಣಾ ಕಾಯ್ದೆಯ 13ನೇ ಕಲಮನ್ನು 2025ರ ತಿದ್ದುಪಡಿಯಲ್ಲಿ ಕೈಬಿಡಲಾಗಿದೆ. ಮೇಲಿನಿಂದ ಬರುವ ಆಸರೆ ಕಿರಿದಾಗುತ್ತಿದೆ, ಊರೊಳಗಿನ ಆಸರೆ ಅಷ್ಟೇ ಹಿರಿದಾಗಬೇಕು.

ಅದಕ್ಕೆ ನಮ್ಮಲ್ಲಿ ದಾರಿ ಇದೆ. ಝಕಾತ್‌ನ ಎಂಟು ಹಕ್ಕುದಾರರಲ್ಲಿ 'ಗಾರಿಮ್', ಅಂದರೆ ಸಾಲಗಾರ, ಒಬ್ಬ. ಇವನು ಯಾರು ಎಂಬ ಪ್ರಶ್ನೆಗೆ ಮೊದಲ ತಲೆಮಾರಿನ ವ್ಯಾಖ್ಯಾನಕಾರ ಮುಜಾಹಿದ್ ಅವರಿಂದ ಉದ್ಧೃತವಾಗಿರುವ ವಿವರಣೆಯನ್ನು ಮದ್ರಸಾದಲ್ಲಿ ಓದಿದಾಗ ನಮಗೆ ಅಚ್ಚರಿಯಾಗಿತ್ತು. ಪ್ರವಾಹ ಯಾರ ಸೊತ್ತನ್ನು ಕೊಚ್ಚಿಕೊಂಡು ಹೋಯಿತೋ ಅವನು, ಬೆಂಕಿಯಲ್ಲಿ ಯಾರದೆಲ್ಲವೂ ಸುಟ್ಟಿತೋ ಅವನು, ಸಂಸಾರವಿದ್ದೂ ಆಸ್ತಿಯಿಲ್ಲದೆ ಸಾಲ ಮಾಡಿದವನು, ಈ ಮೂವರನ್ನು ಅವರು ಹೆಸರಿಸಿದ್ದಾರೆ. ಝಕಾತ್ ಎಂದರೆ ರಮಝಾನಿನಲ್ಲಿ ಸೀರೆ ಹಂಚುವುದು ಎಂದು ತಿಳಿದಿರುವ ನಮ್ಮ ಅನೇಕ ಮೊಹಲ್ಲಾಗಳಲ್ಲಿ ಪ್ರವಾಹದ ಸಾಲಗಾರನಿಗೆ ಪ್ರತ್ಯೇಕ ಪಾಲು ಇಟ್ಟಿರುವ ಉದಾಹರಣೆ ಎಷ್ಟಿದೆ? ಮುಸ್ಲಿಮೇತರ ನೆರೆಯವನಿಗೆ ಝಕಾತ್ ಕೊಡುವ ವಿಷಯದಲ್ಲಿ ಬಹುತೇಕ ವಿದ್ವಾಂಸರ ನಿರ್ಬಂಧವಿದೆ. ಸದಕಾಗೆ, ಬಡ್ಡಿರಹಿತ ಕೈಸಾಲಕ್ಕೆ, ಬಾಡಿಗೆಯ ಕೋಣೆಗೆ, ನ್ಯಾಯವಾದ ದರಕ್ಕೆ ಅಂಥ ಯಾವ ನಿರ್ಬಂಧವೂ ಇಲ್ಲ. ವರದೆ ಓಣಿಯ ಹೆಸರು ಕೇಳಿ ಒಳನುಗ್ಗುವುದಿಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು, ಮುಂದಿನ ಮಳೆಗಾಲಕ್ಕೆ ಮೊದಲೇ ಆಗಬೇಕಾದದ್ದು. ಪ್ರತಿ ಜಮಾಅತ್ ತನ್ನ ಊರಿನಲ್ಲಿ ಖಾಲಿ ಇರುವ ಮನೆ, ಕೋಣೆ, ಮಳಿಗೆಗಳ ಪಟ್ಟಿಯನ್ನು ಮೇ ತಿಂಗಳಲ್ಲಿ, ಆಗಿನ ಬಾಡಿಗೆಯ ಸಮೇತ ಬರೆದಿಡಲಿ. ನೆರೆ ಬಂದಾಗ ಅದೇ ಬಾಡಿಗೆ, ಹೆಚ್ಚೆಂದರೆ ಒಂದು ತಿಂಗಳ ಮುಂಗಡ. ಇಟ್ಟಿಗೆ, ತಗಡು, ಟ್ರ್ಯಾಕ್ಟರ್ ಟ್ರಿಪ್ಪಿನ ದರವನ್ನು ಒಪ್ಪಿದ ವ್ಯಾಪಾರಿಗಳ ಹೆಸರಿನೊಂದಿಗೆ ಮಸೀದಿಯ ಹೊರಗಿನ ಫಲಕದಲ್ಲಿ, ದಾರಿಹೋಕರೆಲ್ಲರೂ ಓದುವಂತೆ ಕನ್ನಡದಲ್ಲಿ ಹಾಕಲಿ. ಉರ್ದುವಿನಲ್ಲಿ ಬರೆದರೆ ಅದನ್ನು ಓದುವವರು ನಾವು ಮಾತ್ರ. ಬುನಾದಿಯ ಮೊದಲ ಕಂತು ಬರುವ ತನಕ ಕೊಡಲು ಒಂದು ಕೈಸಾಲದ ನಿಧಿ ಇರಲಿ, ಕಂತು ಬಂದ ದಿನ ಅದು ನಿಧಿಗೆ ಮರಳಲಿ, ಮತ್ತೊಂದು ಬುನಾದಿಗೆ ಹೋಗಲಿ. ನಿಧಿಯ ಲೆಕ್ಕ ಯಾರ ಕೈಯಲ್ಲಿರಬೇಕೆಂದು ಜಗಳವಾಗುವುದು ಖಂಡಿತ. ಅದಕ್ಕೇ ಪುಸ್ತಕವನ್ನು ಅಧ್ಯಕ್ಷರ ಮನೆಯಲ್ಲಿಡದೆ, ಊರಿನ ಹೈಸ್ಕೂಲಿನ ಒಬ್ಬ ಮೇಷ್ಟ್ರ ಕೈಗೆ ಕೊಡಿ. ಅವರು ಯಾವ ಜಾತಿಯವರಾದರೂ ಆಗಲಿ, ಲೆಕ್ಕ ಬಲ್ಲವರಾಗಿರಲಿ.